ನಂಬರ್ ಒಂದು ನರ್ಸಮ್ಮ

ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರು ಅಂದುಕೊಳ್ಳಿ. ನೀವು ಮೊದಲು ಏನು ಮಾಡುತ್ತೀರಿ? ಪಕ್ಕದ ಮನೆಯವರನ್ನು ಕೇಳುತ್ತೀರಿ, ಓರಗಿತ್ತಿಗೆ ಫೋನ್ ಮಾಡುತ್ತೀರಿ, ಹೇಗೋ ಒಬ್ಬ ಹೋಂ ನರ್ಸ್ ಗೊತ್ತು ಮಾಡುತ್ತೀರಿ. ಆಕೆ ಬಿಳಿ ಕೋಟು ಹಾಕಿಕೊಂಡು ಬಂದರೆ ಸಾಕು, ಅಬ್ಬಾ ಅಂತ ಉಸಿರು ಬಿಡುತ್ತೀರಿ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುವ ನೀವು, ಗ್ಯಾಸ್ ಸಿಲಿಂಡರ್ ಬಂದಾಗ ಸೀಲ್ ನೋಡುವ ನೀವು, ಹಾಲಿನ ಪ್ಯಾಕೆಟ್ ಮೇಲಿನ ತಾರೀಕು ನೋಡುವ ನೀವು, ಮಾವನವರ ತೋಳಿಗೆ ಸೂಜಿ ಚುಚ್ಚುವ ಆ ಕೈ ಯಾರದು ಅಂತ ಯಾವತ್ತಾದರೂ ಕೇಳಿದ್ದೀರಾ? ಆಕೆಯ ನೋಂದಣಿ ಸಂಖ್ಯೆ ಎಷ್ಟು ಅಂತ?

ನರ್ಸ್‌ಗೂ ನೋಂದಣಿ ಸಂಖ್ಯೆ ಅಂತ ಒಂದು ಇರುತ್ತದಾ ಎಂದು ಹುಬ್ಬೇರಿಸಬೇಡಿ. ಇರುತ್ತದೆ. ಇಂಗ್ಲೆಂಡಿನಲ್ಲಿ ಆ ಪಟ್ಟಿ ಶುರುವಾದಾಗ ಅದರಲ್ಲಿ ನಂಬರ್ ಒಂದು ಎಂದು ಹೆಸರು ಬರೆಸಿಕೊಂಡವರು ಒಬ್ಬ ಗೃಹಿಣಿ. ಹೌದು, ನಿಮ್ಮ ಹಾಗೆಯೇ ಮದುವೆಯಾಗಿ, ಕೆಲಸ ಬಿಟ್ಟು, ಮಗನನ್ನು ಸಾಕುತ್ತಾ ಮನೆಯಲ್ಲಿದ್ದವರು. ಆ ಮನೆಯಲ್ಲೇ ಕೂತು 32 ವರ್ಷ ಜಗಳವಾಡಿ ಒಂದು ಕಾನೂನು ತರಿಸಿದವರು. ಅವರ ಹೆಸರು ಎಥೆಲ್ ಗಾರ್ಡನ್ ಫೆನ್‌ವಿಕ್. ನರ್ಸ್ ಅಂದ ಕೂಡಲೇ ನಮಗೆಲ್ಲ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ನೆನಪಾಗುತ್ತಾರೆ. ಎಥೆಲ್ ಅವರ ಕಥೆಯಲ್ಲಿ ನೈಟಿಂಗೇಲ್ ಕೂಡ ಬರುತ್ತಾರೆ, ಆದರೆ ನೀವು ನಿರೀಕ್ಷಿಸದ ಪಾತ್ರದಲ್ಲಿ. ಓದುತ್ತಾ ಹೋಗಿ.

ಸಿರಿವಂತರ ಮನೆ ಹುಡುಗಿ

ಎಥೆಲ್ ಹುಟ್ಟಿದ್ದು 1857ರ ಜನವರಿ 26ರಂದು, ಸ್ಕಾಟ್ಲೆಂಡಿನ ಎಲ್ಗಿನ್ ಊರಿನ ಹತ್ತಿರದ ಸ್ಪೈನಿ ಎಂಬಲ್ಲಿ. ತವರಿನ ಹೆಸರು ಎಥೆಲ್ ಗಾರ್ಡನ್ ಮ್ಯಾನ್ಸನ್. ಮಗು ಇನ್ನೂ ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮತ್ತೆ ಮದುವೆಯಾದರು. ಮಲತಂದೆ ಜಾರ್ಜ್ ಸ್ಟೋರರ್ ನಾಟಿಂಗ್‌ಹ್ಯಾಮ್‌ಶೈರ್‌ನ ಜಮೀನುದಾರರು, ಪಾರ್ಲಿಮೆಂಟ್ ಸದಸ್ಯರೂ ಆಗಿದ್ದವರು. ಅಂದರೆ ಹುಡುಗಿ ಬೆಳೆದದ್ದು ದೊಡ್ಡ ಮನೆಯಲ್ಲಿ, ಊಟ ಬಟ್ಟೆಗೆ ಚಿಂತೆಯಿಲ್ಲದೆ.

ಆ ಕಾಲದಲ್ಲಿ ಅಂಥ ಮನೆಯ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು? ಪಿಯಾನೊ ಕಲಿಯುತ್ತಿದ್ದರು, ಕಸೂತಿ ಹಾಕುತ್ತಿದ್ದರು, ವರನಿಗೆ ಕಾಯುತ್ತಿದ್ದರು. ಎಥೆಲ್ ಮಾತ್ರ 1878ರಲ್ಲಿ, 21ನೇ ವಯಸ್ಸಿಗೆ, ನಾಟಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಗೆ ಸೇರಿದರು. ಸಂಬಳಕ್ಕಲ್ಲ, ತಾವೇ ಹಣ ಕಟ್ಟಿ ಕಲಿಯುವ ಶಿಕ್ಷಾರ್ಥಿಯಾಗಿ! ಅಲ್ಲಿಂದ ಮ್ಯಾಂಚೆಸ್ಟರ್‌ನ ದೊಡ್ಡ ಆಸ್ಪತ್ರೆಗೆ, ಅಲ್ಲಿಂದ ಲಂಡನ್ ಆಸ್ಪತ್ರೆಗೆ ವಾರ್ಡ್ ಸಿಸ್ಟರ್ ಆಗಿ ಹೋದರು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಖಡಕ್ಕು. 1881ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆ ಆಕೆಯನ್ನು ಮೇಟ್ರನ್ ಆಗಿ ನೇಮಿಸಿಕೊಂಡಿತು. 1123ರಲ್ಲಿ ಸ್ಥಾಪನೆಯಾದ, ಅಷ್ಟು ಹಳೆಯ ಆಸ್ಪತ್ರೆ ಅದು. ಅಲ್ಲಿನ ಎಲ್ಲ ನರ್ಸುಗಳ ಮೇಲ್ವಿಚಾರಕಿಗೆ ಆಗ ವಯಸ್ಸು ಎಷ್ಟು ಗೊತ್ತೇ? ಬರೀ 24!

ಅಲ್ಲಿ ಎಥೆಲ್ ಮಾಡಿದ ಮುಖ್ಯ ಕೆಲಸವೆಂದರೆ ನರ್ಸುಗಳ ತರಬೇತಿಯನ್ನು ಮೂರು ವರ್ಷಕ್ಕೆ ಏರಿಸಿದ್ದು. ಮೂರು ವರ್ಷ ಕಲಿಯದೆ ಸರ್ಟಿಫಿಕೇಟ್ ಇಲ್ಲ ಅಂದರು. ನಮ್ಮ ಜಿಎನ್‌ಎಂ ಕೋರ್ಸ್ ಇವತ್ತು ಮೂರು ವರ್ಷದ್ದು. ಮೂರು ವರ್ಷ ಎಂಬ ಆ ಲೆಕ್ಕದ ಹಿಂದೆ ಇಂಥವರ ಹಟ ಇದೆ.

ಟೋಪಿ ಹಾಕಿದವರೆಲ್ಲ ನರ್ಸ್!

ಈಗ ಆ ಕಾಲದ ಪರಿಸ್ಥಿತಿ ಸ್ವಲ್ಪ ತಿಳಿದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಡಾಕ್ಟರುಗಳಿಗೆ 1858ರಲ್ಲೇ ಕಾನೂನು ಬಂದಿತ್ತು. ಓದಿದ ಡಾಕ್ಟರ್ ಯಾರು, ನಕಲಿ ಯಾರು ಅಂತ ಸರ್ಕಾರಿ ಪಟ್ಟಿ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ನರ್ಸುಗಳಿಗೆ ಅಂಥದ್ದು ಏನೂ ಇರಲಿಲ್ಲ. ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ಕಲಿಸುತ್ತಿದ್ದರು, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಒಂದೇ ವರ್ಷ. ಏನೂ ಕಲಿಯದವರೂ ತಲೆಗೆ ಟೋಪಿ, ಮೈಗೆ ಏಪ್ರನ್ ಕಟ್ಟಿಕೊಂಡು ನಾನೂ ನರ್ಸ್ ಅಂದರೆ ತಡೆಯುವವರು ಯಾರೂ ಇರಲಿಲ್ಲ. ಕುಡಿತಕ್ಕೋ ಕಳ್ಳತನಕ್ಕೋ ಒಂದು ಊರಿನಲ್ಲಿ ಕೆಲಸ ಕಳೆದುಕೊಂಡವಳು ಮುಂದಿನ ಊರಿಗೆ ಹೋಗಿ ಮತ್ತೆ ನರ್ಸ್ ಆಗಬಹುದಿತ್ತು. ಹಿಂದಿನದು ಕೇಳುವವರಿಲ್ಲ, ಹೇಳುವ ಪಟ್ಟಿಯೂ ಇಲ್ಲ.

ಇದರಿಂದ ತೊಂದರೆ ಯಾರಿಗೆ? ಮನೆಯಲ್ಲಿ ರೋಗಿ ಇಟ್ಟುಕೊಂಡವರಿಗೆ. ಆ ಕಾಲದಲ್ಲಿ ಸ್ಥಿತಿವಂತರು ಆಸ್ಪತ್ರೆಗೆ ಹೋಗುತ್ತಿದ್ದದ್ದು ಕಡಿಮೆ. ಬಾಣಂತನ, ಟೈಫಾಯಿಡ್, ಕೆಲವೊಮ್ಮೆ ಆಪರೇಷನ್ ಕೂಡ ಮನೆಯಲ್ಲೇ. ಏಜೆನ್ಸಿಗೆ ಹೇಳಿ ನರ್ಸ್ ತರಿಸುತ್ತಿದ್ದರು. ಆಸ್ಪತ್ರೆಗಳೂ ತಮ್ಮ ನರ್ಸುಗಳನ್ನು ಮನೆಗಳಿಗೆ ಕಳಿಸಿ ದುಡ್ಡು ಮಾಡುತ್ತಿದ್ದವು. 1890ರಲ್ಲಿ ಲಂಡನ್ನಿನ ಆಸ್ಪತ್ರೆಗಳ ಬಗ್ಗೆ ಹೌಸ್ ಆಫ್ ಲಾರ್ಡ್ಸ್ ಸಮಿತಿ ವಿಚಾರಣೆ ಶುರು ಮಾಡಿತು. ಆಗ ಒಂದು ದೊಡ್ಡ ಆಸ್ಪತ್ರೆಯ ಮೇಲೆ ಬಂದ ದೂರು ಏನೆಂದರೆ, ಇನ್ನೂ ಕಲಿಯುತ್ತಿರುವ ಹುಡುಗಿಯರನ್ನೇ ಪೂರ್ಣ ತರಬೇತಿ ಪಡೆದ ನರ್ಸುಗಳೆಂದು ಮನೆಗಳಿಗೆ ಕಳಿಸುತ್ತಾರೆ ಅನ್ನುವುದು. ಬಾಗಿಲು ತೆಗೆದ ಮನೆಯೊಡತಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ? ಜ್ವರದಲ್ಲಿ ಬೇಯುತ್ತಿರುವ ರೋಗಿಗಂತೂ ಪರೀಕ್ಷಿಸುವ ಶಕ್ತಿಯೇ ಇರುವುದಿಲ್ಲ.

ಮದುವೆ ಆಯಿತು, ಕೆಲಸ ಹೋಯಿತು, ಹೋರಾಟ ಶುರುವಾಯಿತು

1887ರಲ್ಲಿ ಎಥೆಲ್ ಡಾ. ಬೆಡ್‌ಫರ್ಡ್ ಫೆನ್‌ವಿಕ್ ಎಂಬ ವೈದ್ಯರನ್ನು ಮದುವೆಯಾದರು. ಮೇಟ್ರನ್ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮರುವರ್ಷ ಮಗ ಹುಟ್ಟಿದ. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ಲವೇ? ಎಷ್ಟೋ ಜನರ ಕಥೆ ಇಲ್ಲಿಗೇ ಮುಗಿಯುತ್ತದೆ. ಆದರೆ ಎಥೆಲ್ ಅವರ ನಿಜವಾದ ಕೆಲಸ ಶುರುವಾದದ್ದೇ ಇಲ್ಲಿಂದ. ಆಸ್ಪತ್ರೆಯ ನೌಕರಿ ಇಲ್ಲದ್ದರಿಂದ ಆಕೆಯನ್ನು ಬಾಯಿ ಮುಚ್ಚಿಸುವ ಮೇಲಧಿಕಾರಿಯೂ ಇರಲಿಲ್ಲ!

ಮದುವೆಯಾದ ಅದೇ ವರ್ಷದ ಕೊನೆಗೆ ತಮ್ಮ ಮನೆಯ ಡ್ರಾಯಿಂಗ್ ರೂಮಿನಲ್ಲಿ ಕೆಲವು ಮೇಟ್ರನ್‌ಗಳನ್ನೂ ವೈದ್ಯರನ್ನೂ ಸೇರಿಸಿ ಬ್ರಿಟಿಷ್ ನರ್ಸಸ್ ಅಸೋಸಿಯೇಷನ್ ಕಟ್ಟಿದರು. ವಿಕ್ಟೋರಿಯಾ ರಾಣಿಯ ಮಗಳು ರಾಜಕುಮಾರಿ ಕ್ರಿಶ್ಚಿಯನ್ ಅದಕ್ಕೆ ಅಧ್ಯಕ್ಷೆಯಾಗಲು ಒಪ್ಪಿದರು. ಎಥೆಲ್ ಅವರ ಬೇಡಿಕೆ ಸರಳ. ಎಲ್ಲ ನರ್ಸುಗಳಿಗೂ ಕನಿಷ್ಠ ಮೂರು ವರ್ಷದ ತರಬೇತಿ, ಎಲ್ಲರಿಗೂ ಒಂದೇ ಪರೀಕ್ಷೆ, ಪಾಸಾದವರ ಹೆಸರು ಸರ್ಕಾರದ ಪಟ್ಟಿಯಲ್ಲಿ. ತಪ್ಪು ಮಾಡಿದರೆ ಹೆಸರು ಪಟ್ಟಿಯಿಂದ ಹೊರಗೆ. ಪಟ್ಟಿ ಯಾರು ಬೇಕಾದರೂ ನೋಡುವಂತಿರಬೇಕು. ಅಷ್ಟೇ.

ಪತಿಯೂ ಜೊತೆಗಿದ್ದರು, ಅದು ಆಕೆಯ ಅದೃಷ್ಟ. ಸಂಘ 1890ರಲ್ಲಿ ತನ್ನದೇ ಒಂದು ಪಟ್ಟಿ ಶುರು ಮಾಡಿತು. 1893ರಲ್ಲಿ ರಾಜಮನೆತನದ ಸನ್ನದೂ ಸಿಕ್ಕಿತು. ಆದರೆ ಸರ್ಕಾರ ಜಾಣತನ ಮಾಡಿತು. ಹೆಸರುಗಳ ಒಂದು ಯಾದಿ ಇಟ್ಟುಕೊಳ್ಳಬಹುದು ಅಂದಿತೇ ಹೊರತು ಅದಕ್ಕೆ ಕಾನೂನಿನ ಬಲ ಕೊಡಲಿಲ್ಲ. ಹಲ್ಲಿಲ್ಲದ ಹಾವು!

ದೀಪದ ದೇವಿಯೇ ಎದುರು ನಿಂತಾಗ

ಎಥೆಲ್ ಅವರನ್ನು ವಿರೋಧಿಸಿದವರಲ್ಲಿ ದೊಡ್ಡ ಹೆಸರು ಯಾರದು ಗೊತ್ತಾ? ಫ್ಲಾರೆನ್ಸ್ ನೈಟಿಂಗೇಲ್ ಅವರದು! ಹೌದು, 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆರೆಸಿದ ಅದೇ ನೈಟಿಂಗೇಲ್. ವಯಸ್ಸಾಗಿ ಹೆಚ್ಚಾಗಿ ಮನೆಯಲ್ಲೇ ಇದ್ದರೂ ಪತ್ರಗಳನ್ನು ಬರೆದು, ದೊಡ್ಡವರ ಮೇಲೆ ಪ್ರಭಾವ ಬೀರಿ, ನೋಂದಣಿ ಬೇಡವೇ ಬೇಡ ಅಂದರು.

ಹಾಗಂತ ಅವರ ವಾದವನ್ನು ತಳ್ಳಿಹಾಕಬೇಡಿ, ಅದರಲ್ಲಿ ತಿರುಳಿದೆ. ರೋಗಿಯ ಸೇವೆಗೆ ಬೇಕಾದದ್ದು ಗುಣ, ತಾಳ್ಮೆ, ಕರುಣೆ. ಇವನ್ನು ಯಾವ ಪರೀಕ್ಷೆಯಲ್ಲಿ ಅಳೆಯುತ್ತೀರಿ? ಪುಸ್ತಕ ಉರುಹೊಡೆದು ಪಾಸಾದವಳ ಹೆಸರು ಪಟ್ಟಿಯಲ್ಲಿ ಕೂರುತ್ತದೆ. ಐದು ವರ್ಷದ ನಂತರ ಆಕೆ ಕೆಟ್ಟರೂ ಹೆಸರು ಅಲ್ಲೇ ಇರುತ್ತದೆ. ಜನ ಪಟ್ಟಿ ನೋಡಿ ಮೋಸ ಹೋಗುತ್ತಾರೆ. ಇದು ನೈಟಿಂಗೇಲ್ ಅವರ ಆತಂಕ.

ಇನ್ನು ಕೆಲವು ಆಸ್ಪತ್ರೆಗಳ ಆಡಳಿತದವರಿಗೆ ಬೇರೆಯದೇ ಚಿಂತೆ. ಕಾನೂನು ಬಂದರೆ ತರಬೇತಿಗೆ ಖರ್ಚು ಹೆಚ್ಚು, ನರ್ಸುಗಳು ಸಂಬಳ ಹೆಚ್ಚು ಕೇಳುತ್ತಾರೆ, ಮನೆಗಳಿಗೆ ಕಳಿಸಿ ದುಡಿಯುವ ಲಾಭಕ್ಕೆ ಕತ್ತರಿ. ಎಥೆಲ್ ಹಿಂದೆ ಕೆಲಸ ಮಾಡಿದ್ದ ಲಂಡನ್ ಆಸ್ಪತ್ರೆಯ ಮೇಟ್ರನ್ ಈವಾ ಲಕ್ಸ್ ಕೂಡ ಎದುರು ಪಾಳಯದಲ್ಲಿದ್ದರು. ಹೆಂಗಸರಿಗೆ ಹೆಂಗಸರೇ ಶತ್ರು ಅಂತ ಸುಲಭವಾಗಿ ಹೇಳಿಬಿಡಬೇಡಿ. ಎರಡೂ ಕಡೆಯವರು ರೋಗಿಯ ಹಿತವೇ ನಮ್ಮದು ಅನ್ನುತ್ತಿದ್ದರು.

ಎಥೆಲ್ ಅವರ ಉತ್ತರವೂ ಗಟ್ಟಿಯಾಗಿತ್ತು. ಕರುಣೆಯನ್ನು ಕಾನೂನು ಹುಟ್ಟಿಸಲಾರದು, ಸರಿ. ಆದರೆ ಔಷಧಿಯ ಅಳತೆ ಗೊತ್ತಿಲ್ಲದ ಕರುಣೆಯಿಂದ ರೋಗಿ ಉಳಿಯುತ್ತಾನಾ? ಜೊತೆಗೆ ಆಕೆ ಕೇಳಿದ್ದು ಹೆಸರು ತೆಗೆದುಹಾಕುವ ಅಧಿಕಾರವನ್ನೂ ಸೇರಿಸಿಯೇ. ಪಟ್ಟಿಯೇ ಇಲ್ಲದಿದ್ದರೆ ಕೆಟ್ಟವಳನ್ನು ಎಲ್ಲಿಂದ ತೆಗೆಯುವುದು?

ಸೋತರೂ ಕೂರಲಿಲ್ಲ

ಮುಂದಿನ ವರ್ಷಗಳು ಸುಲಭವಾಗಿರಲಿಲ್ಲ. 1890ರ ದಶಕದ ಮಧ್ಯದ ಹೊತ್ತಿಗೆ ತಾವೇ ಕಟ್ಟಿದ ಸಂಘದ ಆಡಳಿತ ಬೇರೆಯವರ ಕೈ ಸೇರಿತು. ಕಟ್ಟಿದವರೇ ಮೂಲೆಗೆ ಸರಿದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಸಾಕಪ್ಪಾ ಸಹವಾಸ ಅಂತ ಮನೆ ಸೇರುತ್ತಿದ್ದಿರೇನೋ. ಎಥೆಲ್ 1893ರಲ್ಲಿ ನರ್ಸಿಂಗ್ ರೆಕಾರ್ಡ್ ಎಂಬ ಪತ್ರಿಕೆಯನ್ನು ಕೈಗೆ ತೆಗೆದುಕೊಂಡಿದ್ದರು. ಅದೇ ಮುಂದೆ ಬ್ರಿಟಿಷ್ ಜರ್ನಲ್ ಆಫ್ ನರ್ಸಿಂಗ್ ಆಯಿತು. ಪತ್ರಿಕೆ ಕೈಯಲ್ಲಿದ್ದರೆ ಸಂಘ ಕೈತಪ್ಪಿದರೂ ದನಿ ತಪ್ಪುವುದಿಲ್ಲ. ವಾರವಾರವೂ ಬರೆದರು, ವಾದಿಸಿದರು, ಬೈದರು. ಅರ್ಧ ಶತಮಾನದಷ್ಟು ಕಾಲ ಆ ಪತ್ರಿಕೆಯನ್ನು ನಡೆಸಿದರು.

1897ರಲ್ಲಿ ಗ್ರೀಸ್ ಮತ್ತು ಟರ್ಕಿ ನಡುವೆ ಯುದ್ಧವಾದಾಗ ಗ್ರೀಸಿಗೇ ಹೋಗಿ ಗಾಯಾಳುಗಳ ಶುಶ್ರೂಷೆಯ ಉಸ್ತುವಾರಿ ನೋಡಿಕೊಂಡರು. 1899ರ ಜುಲೈನಲ್ಲಿ ಲಂಡನ್ನಿನ ಸಭೆಯೊಂದರಲ್ಲಿ, ಎಲ್ಲ ದೇಶದ ನರ್ಸುಗಳೂ ಸೇರಿ ಒಂದು ಸಂಸ್ಥೆ ಕಟ್ಟೋಣ ಅಂದರು. ಹಾಗೆ ಹುಟ್ಟಿದ್ದೇ ಅಂತರರಾಷ್ಟ್ರೀಯ ನರ್ಸುಗಳ ಪರಿಷತ್ತು. ಅದರ ಮೊದಲ ಅಧ್ಯಕ್ಷೆ ಎಥೆಲ್ಲೇ. ಅಂದ ಹಾಗೆ, ಪ್ರತಿ ಮೇ 12ರಂದು ನರ್ಸುಗಳ ದಿನ ಆಚರಿಸುತ್ತೇವಲ್ಲ, ಅದನ್ನು ಜಗತ್ತಿನಾದ್ಯಂತ ನಡೆಸಿಕೊಂಡು ಬಂದಿರುವುದು ಇದೇ ಪರಿಷತ್ತು. ಮೇ 12 ಯಾರ ಹುಟ್ಟುಹಬ್ಬ? ನೈಟಿಂಗೇಲ್ ಅವರದು! ಎಥೆಲ್ ಕಟ್ಟಿದ ಸಂಸ್ಥೆ, ನೈಟಿಂಗೇಲ್ ಅವರ ದಿನ. ಬದುಕಿದ್ದಾಗ ಎದುರು ಬದುರಾಗಿದ್ದ ಇಬ್ಬರು ಕ್ಯಾಲೆಂಡರಿನಲ್ಲಿ ಒಂದಾದರು ನೋಡಿ.

ಅಷ್ಟರಲ್ಲಿ ಬೇರೆ ಕಡೆ ಗಾಡಿ ಮುಂದೆ ಹೋಗಿತ್ತು. ದಕ್ಷಿಣ ಆಫ್ರಿಕಾದ ಕೇಪ್ ಕಾಲೊನಿಯಲ್ಲಿ 1891ರಲ್ಲೇ ವೈದ್ಯಕೀಯ ಕಾಯ್ದೆಯೊಳಗೆ ನರ್ಸುಗಳ ನೋಂದಣಿಯೂ ಸೇರಿತು. 1901ರಲ್ಲಿ ನ್ಯೂಜಿಲೆಂಡ್ ನರ್ಸುಗಳಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಮರುವರ್ಷ ಎಲೆನ್ ಡೊಹರ್ಟಿ ಎಂಬಾಕೆ ಅಲ್ಲಿನ ಮೊದಲ ನೋಂದಾಯಿತ ನರ್ಸ್ ಆದರು. ಇಂಗ್ಲೆಂಡಿನಲ್ಲೇ 1902ರಲ್ಲಿ ಸೂಲಗಿತ್ತಿಯರಿಗೆ ಕಾನೂನು ಬಂತು. ನರ್ಸುಗಳಿಗೆ ಮಾತ್ರ ಇಲ್ಲ!

1904ರಲ್ಲಿ ಪಾರ್ಲಿಮೆಂಟ್ ಒಂದು ಸಮಿತಿ ಮಾಡಿತು. ಮರುವರ್ಷ ಅದು ನೋಂದಣಿ ಬೇಕು ಎಂದು ವರದಿ ಕೊಟ್ಟಿತು. ವರದಿ ಕಪಾಟು ಸೇರಿತು. ಮತ್ತೆ ಮತ್ತೆ ಮಸೂದೆ, ಮತ್ತೆ ಮತ್ತೆ ಸೋಲು. 1908ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮಸೂದೆ ತಂದು ಪಾಸು ಮಾಡಿಸಿದವರು ಲಾರ್ಡ್ ಆಂಪ್ಟ್‌ಹಿಲ್. ಈ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. 1900ರಿಂದ 1906ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವರು ಇವರೇ. ಅಂದರೆ ಅಂದಿನ ಮಂಗಳೂರು, ಬಳ್ಳಾರಿಗಳು ಇವರ ಆಡಳಿತದಲ್ಲಿದ್ದವು. ಆದರೆ ಕೆಳಮನೆಯಲ್ಲಿ ಆ ಮಸೂದೆಯೂ ಮುಂದೆ ಸಾಗಲಿಲ್ಲ.

ಯಾಕೆ ಹೀಗೆ? ಎಥೆಲ್ ಅವರಿಗೆ ಉತ್ತರ ಸ್ಪಷ್ಟವಿತ್ತು. ನರ್ಸುಗಳು ಹೆಂಗಸರು, ಹೆಂಗಸರಿಗೆ ವೋಟು ಇಲ್ಲ, ವೋಟು ಇಲ್ಲದವರ ಮಾತು ಯಾರು ಕೇಳುತ್ತಾರೆ? ಹಾಗಾಗಿ ಮಹಿಳೆಯರ ಮತದಾನದ ಹಕ್ಕಿಗೂ ದನಿಗೂಡಿಸಿದರು. ಬ್ರಿಟನ್ನಿನಲ್ಲಿ 30 ದಾಟಿದ ಬಹಳಷ್ಟು ಹೆಂಗಸರಿಗೆ ವೋಟು ಬಂದದ್ದು 1918ರಲ್ಲಿ. ಅದರ ಮರುವರ್ಷವೇ ನರ್ಸುಗಳ ಕಾನೂನೂ ಬಂತು. ನಡುವೆ ಮೊದಲ ಮಹಾಯುದ್ಧ ಬೇರೆ ನಡೆದಿತ್ತು. ಅಲ್ಪ ಸ್ವಲ್ಪ ತರಬೇತಿ ಪಡೆದ ಸಾವಿರಾರು ಸ್ವಯಂಸೇವಕಿಯರು ಸಮವಸ್ತ್ರ ತೊಟ್ಟು ಆಸ್ಪತ್ರೆ ಸೇರಿದಾಗ, ಕಲಿತ ನರ್ಸ್ ಯಾರು, ಕಲಿಯದವರು ಯಾರು ಎಂಬ ಪ್ರಶ್ನೆ ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿತ್ತು.

ಕೊನೆಗೂ ಬಂತು ಕಾನೂನು

1919ರ ಡಿಸೆಂಬರ್ 23. ನರ್ಸುಗಳ ನೋಂದಣಿ ಕಾಯ್ದೆಗೆ ಒಪ್ಪಿಗೆ ಸಿಕ್ಕಿತು. ಎಥೆಲ್ ಅವರಿಗೆ ಆಗ 62 ವರ್ಷ. ಸಂಘ ಕಟ್ಟುವಾಗ ಕೇವಲ 30! ನೈಟಿಂಗೇಲ್ ಅಷ್ಟರಲ್ಲಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಕಾಯ್ದೆಯ ಪ್ರಕಾರ ಜನರಲ್ ನರ್ಸಿಂಗ್ ಕೌನ್ಸಿಲ್ ಎಂಬ ಮಂಡಳಿ ಬಂತು. ಪಟ್ಟಿ ಇಡುವುದು, ತರಬೇತಿಯ ನಿಯಮ ಮಾಡುವುದು, ಪರೀಕ್ಷೆ ನಡೆಸುವುದು, ತಪ್ಪಿತಸ್ಥರ ಹೆಸರು ತೆಗೆಯುವುದು ಅದರ ಕೆಲಸ. ನೋಂದಣಿ ಇಲ್ಲದೆ ನೋಂದಾಯಿತ ನರ್ಸ್ ಎಂದು ಹೇಳಿಕೊಂಡರೆ ಮೊದಲ ಸಲ 10 ಪೌಂಡ್‌ವರೆಗೆ ದಂಡ, ಮತ್ತೆ ಮಾಡಿದರೆ 50 ಪೌಂಡ್‌ವರೆಗೆ. 1921ರಲ್ಲಿ ಪಟ್ಟಿ ತೆರೆಯಿತು. ಮೊದಲ ಸಾಲಿನಲ್ಲಿ, ನಂಬರ್ ಒಂದು ಎಂದು ಬಂದ ಹೆಸರು ಎಥೆಲ್ ಗಾರ್ಡನ್ ಫೆನ್‌ವಿಕ್. 34 ವರ್ಷದ ಹಿಂದೆ ನೌಕರಿ ಬಿಟ್ಟಿದ್ದ ಗೃಹಿಣಿ ಈಗ ದೇಶದ ಮೊದಲ ನೋಂದಾಯಿತ ನರ್ಸ್!

ಇಲ್ಲಿಗೆ ಶುಭಂ ಅಂತ ಬರೆಯಬಹುದಿತ್ತು. ಆದರೆ ಎಥೆಲ್ ದೇವತೆಯಲ್ಲ, ಮನುಷ್ಯರು. ಹಟಮಾರಿ, ಮೂಗಿನ ತುದಿಯಲ್ಲಿ ಕೋಪ. ನರ್ಸಿಂಗ್ ಒಳ್ಳೆಯ ಮನೆತನದ ಹೆಣ್ಣುಮಕ್ಕಳ ವೃತ್ತಿಯಾಗಬೇಕು ಎಂಬ ಧೋರಣೆ ಅವರಲ್ಲಿತ್ತು. ಬಡ ಮನೆಯಿಂದ ಬಂದು ಹೊಟ್ಟೆಪಾಡಿಗಾಗಿ ದುಡಿಯುತ್ತಿದ್ದ ಎಷ್ಟೋ ನರ್ಸುಗಳಿಗೆ ಅದು ನೋವಿನ ಮಾತು. ಮಂಡಳಿಯಲ್ಲಿ ನೋಂದಣಿ ಸಮಿತಿಯ ಮುಖ್ಯಸ್ಥೆಯಾದಾಗ ಒಂದೊಂದು ಅರ್ಜಿಯನ್ನೂ ಎಳೆ ಎಳೆಯಾಗಿ ಜಾಲಾಡಿದರು. ಅರ್ಜಿಗಳು ರಾಶಿ ಬಿದ್ದವು, ಪಟ್ಟಿ ಆಮೆ ನಡಿಗೆ ನಡೆಯಿತು. ರೋಸಿಹೋದ ಸದಸ್ಯರಲ್ಲಿ ಹೆಚ್ಚಿನವರು ಒಟ್ಟಾಗಿ ರಾಜೀನಾಮೆ ಕೊಟ್ಟು ಗಲಾಟೆಯೇ ಆಯಿತು. ನಂತರ ನರ್ಸುಗಳೇ ವೋಟು ಹಾಕಿ ಮಂಡಳಿಗೆ ಪ್ರತಿನಿಧಿಗಳನ್ನು ಆರಿಸಿದ ಮೊದಲ ಚುನಾವಣೆಯಲ್ಲಿ ಎಥೆಲ್ ಗೆಲ್ಲಲಿಲ್ಲ. ಯಾರಿಗಾಗಿ ಹೋರಾಡಿದರೋ ಅವರೇ ಮನೆಗೆ ಕಳಿಸಿದರು. ಕಾನೂನು ಮಾತ್ರ ಉಳಿಯಿತು. ಒಬ್ಬರ ಸಿಟ್ಟು ಸೆಡವನ್ನು ಮೀರಿ ನಿಲ್ಲುವುದೇ ಅದರ ಗುಣ ತಾನೆ?

ಆ ಮೇಲೂ ಆಕೆ ಬರೆಯುವುದನ್ನು ಬಿಡಲಿಲ್ಲ. 1947ರ ಮಾರ್ಚ್ 13ರಂದು, 90 ತುಂಬಿದ ಮೇಲೆ, ತೀರಿಕೊಂಡರು. ಅಷ್ಟರೊಳಗೆ ಕಾನೂನೂ ಬಿಗಿಯಾಗಿತ್ತು. 1919ರ ಕಾಯ್ದೆಯಲ್ಲಿ ಒಂದು ತೂತು ಉಳಿದಿತ್ತು. ನೋಂದಾಯಿತ ನರ್ಸ್ ಅನ್ನಬಾರದಿತ್ತೇ ಹೊರತು ಬರೀ ನರ್ಸ್ ಅಂತ ಯಾರು ಬೇಕಾದರೂ ಕರೆದುಕೊಳ್ಳಬಹುದಿತ್ತು. ಆ ಪದಕ್ಕೂ ಬೇಲಿ ಹಾಕಲು 1943ರಲ್ಲಿ ಇನ್ನೊಂದು ಕಾಯ್ದೆ ಬರಬೇಕಾಯಿತು. ಲಂಡನ್ನಿನ ಅಪ್ಪರ್ ವಿಂಪೋಲ್ ಸ್ಟ್ರೀಟಿನಲ್ಲಿ ಆಕೆ ಬಾಳಿದ ಮನೆಯ ಗೋಡೆಯ ಮೇಲೆ ಇವತ್ತು ನೀಲಿ ಫಲಕವಿದೆ.

ನಮ್ಮಲ್ಲಿ ಹೇಗೆ?

ನಮ್ಮ ದೇಶದ ನರ್ಸುಗಳ ಸಂಘ 1908ರಲ್ಲಿ ಹುಟ್ಟಿ, 1912ರಲ್ಲಿ ಎಥೆಲ್ ಕಟ್ಟಿದ ಅಂತರರಾಷ್ಟ್ರೀಯ ಪರಿಷತ್ತನ್ನು ಸೇರಿತು. ಮದ್ರಾಸ್ ಪ್ರಾಂತ್ಯದಲ್ಲಿ 1926ರಲ್ಲೇ ನರ್ಸುಗಳ ಕಾಯ್ದೆ ಬಂತು. ಇಡೀ ದೇಶಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದದ್ದು 1947ರ ಡಿಸೆಂಬರ್ 31ರಂದು, ಎಥೆಲ್ ತೀರಿಕೊಂಡ ವರ್ಷದ ಕೊನೆಯ ದಿನ. ನಮ್ಮ ರಾಜ್ಯದ ಕಾಯ್ದೆ 1961ರದ್ದು. 2023ರಲ್ಲಿ ಸಂಸತ್ತು, 1947ರ ಕಾಯ್ದೆಯ ಜಾಗಕ್ಕೆಂದು, ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ಕಾನೂನಿಗೆ ಕೊರತೆಯಿಲ್ಲ. ಪಟ್ಟಿ ಇದೆ, ನಂಬರ್ ಇದೆ. ಕೇಳುವವರು ನಾವು ಇಲ್ಲ ಅಷ್ಟೇ.

ಹಾಗಾದರೆ ನಾವು ಮಾಡಬೇಕಾದದ್ದೇನು? ಇಷ್ಟು ನೆನಪಿಡಿ.

ಮೊದಲು, ನಿಮಗೆ ಬೇಕಾದದ್ದು ಯಾರು ಅಂತ ನಿರ್ಧರಿಸಿ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಕೈ ಹಿಡಿದು ನಡೆಸುವುದು ಇಷ್ಟೇ ಆದರೆ ಅನುಭವವಿರುವ ಒಳ್ಳೆಯ ಆರೈಕೆ ಸಹಾಯಕಿ ಸಾಕು. ಇಂಜೆಕ್ಷನ್, ಡ್ರಿಪ್, ಮೂಗಿನ ನಳಿಕೆ, ಮೂತ್ರದ ನಳಿಕೆ, ಆಪರೇಷನ್ ಗಾಯದ ಡ್ರೆಸ್ಸಿಂಗ್ ಇದ್ದರೆ ನೋಂದಾಯಿತ ನರ್ಸೇ ಬೇಕು. ಸಹಾಯಕಿಯ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ, ಅದು ಅವಳಿಗೂ ಅನ್ಯಾಯ.

ಏಜೆನ್ಸಿಗೆ ಫೋನ್ ಮಾಡಿದಾಗಲೇ ಓದು ಏನು ಅಂತ ಕೇಳಿ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಜಿಎನ್‌ಎಂ ಮೂರು ವರ್ಷ, ಎಎನ್‌ಎಂ ಎರಡು ವರ್ಷ. ಕೆಲವು ವಾರಗಳ ತರಬೇತಿ ಅಂದರೆ ಅದು ನರ್ಸಿಂಗ್ ಓದು ಅಲ್ಲ. ಹೋಂ ನರ್ಸ್ ಎಂಬ ಎರಡು ಪದ ಕೇಳಿ ಮರುಳಾಗಬೇಡಿ.

ಕಾಲೇಜಿನ ಅಂಕಪಟ್ಟಿ ಬೇರೆ, ರಾಜ್ಯದ ನೋಂದಣಿ ಪ್ರಮಾಣಪತ್ರ ಬೇರೆ. ಎರಡನೆಯದನ್ನು ಕೇಳಿ. ಹೆಸರು, ಫೋಟೊ, ಸಂಖ್ಯೆ, ಯಾವ ರಾಜ್ಯದ್ದು, ನವೀಕರಣ ಆಗಿದೆಯಾ, ಎಲ್ಲ ನೋಡಿ. ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಅನುಮಾನ ಬಂದರೆ ನೋಂದಣಿ ಮಾಡಿದ ಕಚೇರಿಯನ್ನೇ ವಿಚಾರಿಸಿ. ಕೇಳಲು ಸಂಕೋಚ ಬೇಡ. ಕಷ್ಟಪಟ್ಟು ಓದಿದ ನರ್ಸ್ ಇದನ್ನು ತೋರಿಸಲು ಹೆಮ್ಮೆಪಡುತ್ತಾಳೆ.

ಒಂದು ನೋಟ್ ಪುಸ್ತಕ ಇಡಿ. ಕೊಟ್ಟ ಔಷಧಿ, ಸಮಯ, ಬಿಪಿ, ಶುಗರ್, ಜ್ವರ ಎಲ್ಲ ಅದರಲ್ಲಿ ಬರೆಯಲು ಹೇಳಿ. ಡಾಕ್ಟರ ಬಳಿ ಹೋಗುವಾಗ ಅದನ್ನೇ ಒಯ್ಯಿರಿ.

ಇನ್ನು ನೈಟಿಂಗೇಲ್ ಹೇಳಿದ್ದು. ಪಟ್ಟಿ ನೋಡಿದೆ, ನನ್ನ ಕೆಲಸ ಮುಗಿಯಿತು ಅಂತ ಟಿವಿ ಮುಂದೆ ಕೂರಬೇಡಿ. ಮುಟ್ಟುವ ಮುಂಚೆ ಕೈ ತೊಳೆಯುತ್ತಾಳಾ? ಮಲಗಿದವರನ್ನು ಆಗಾಗ ಮಗ್ಗುಲು ತಿರುಗಿಸುತ್ತಾಳಾ? ಬೆನ್ನಿನಲ್ಲಿ ಹುಣ್ಣಾಗಿದೆಯಾ? ಅವಳು ಕೋಣೆಗೆ ಬಂದಾಗ ಅತ್ತೆಯವರ ಮುಖ ಅರಳುತ್ತದಾ, ಮುದುಡುತ್ತದಾ? ಇದು ಯಾವ ಸರ್ಕಾರಿ ಪುಸ್ತಕದಲ್ಲೂ ಇರುವುದಿಲ್ಲ, ನಿಮ್ಮ ಕಣ್ಣಿಗೇ ಕಾಣಬೇಕು. ತಪ್ಪು ಕಂಡರೆ ಮೊದಲು ವೈದ್ಯರಿಗೆ ತಿಳಿಸಿ. ದೊಡ್ಡ ತಪ್ಪಾದರೆ ನೋಂದಣಿ ಮಂಡಳಿಗೆ ಬರವಣಿಗೆಯಲ್ಲಿ ದೂರು ಕೊಡಿ. ಪಟ್ಟಿಗೆ ಹಲ್ಲು ಬರುವುದು ಹಾಗೆಯೇ.

ಕೊನೆಯದಾಗಿ, ಆಕೆಯೂ ಒಬ್ಬ ಹೆಣ್ಣುಮಗಳು. ಹೊತ್ತಿಗೆ ಊಟ, ಕಾಲು ಚಾಚಲು ಜಾಗ, ವಾರಕ್ಕೊಂದು ರಜೆ, ಸರಿಯಾದ ಸಂಬಳ ಕೊಡಿ. ರಾತ್ರಿಯಿಡೀ ಕೂತವಳಿಗೆ ಬೆಳಿಗ್ಗೆ ಪಾತ್ರೆ ತೊಳಿ ಅನ್ನಬೇಡಿ. ಮೂರು ವರ್ಷ ಓದಿ, ಹೆಸರು ಬರೆಸಿಕೊಂಡು ನಿಮ್ಮ ಮನೆಗೆ ಬಂದಿದ್ದಾಳೆ. ಹೆಸರಿಡಿದು ಸಿಸ್ಟರ್ ಅಂತ ಕರೆಯಿರಿ, ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.